ಮೊಳಕೆಯ ಜೊತೆಗೇ ಬೆಳೆಯುವ ರೋಗಾಣುಗಳು

(ಕಲಬುರಗಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯರು, ಸ್ವಸಹಾಯ ಸಂಘಗಳ ಸದಸ್ಯೆಯರು ಮತ್ತು ಸಾರ್ವಜನಿಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ತೊಗರಿಯ ಕಣಜವೆಂದು ಹೆಸರಾದ ನಮ್ಮ ಕಲಬುರಗಿ ಜಿಲ್ಲೆಯಲ್ಲಿ, ಹಾಗೆಯೇ ಅಕ್ಕಪಕ್ಕದ ಬೀದರ್ ಮತ್ತು ಯಾದಗಿರಿಯಲ್ಲಿ, ಕಾಳು ಎಂದರೆ ಹೊಲದ ಬೆಳೆಯೂ ಹೌದು, ದಿನನಿತ್ಯದ ಊಟವೂ ಹೌದು. ಜೋಳದ ರೊಟ್ಟಿಯ ಜೊತೆಗೆ ಹೆಸರುಕಾಳಿನ ಪಲ್ಯ, ಮಡಕಿಕಾಳಿನ ಉಸುಳಿ, ಅಲಸಂದಿ ಸಾರು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿವೆ. ರಾತ್ರಿ ಕಾಳು ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಮೊಳಕೆ ಬರಿಸುವುದನ್ನು ನಮ್ಮ ತಾಯಂದಿರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಅವರು ಮೊಳಕೆ ಕಾಳನ್ನು ಒಲೆಯ ಮೇಲೆ ಇಡದೆ ನೇರವಾಗಿ ತಾಟಿಗೆ ಬಡಿಸುತ್ತಿದ್ದುದು ಅಪರೂಪ. ಈಚಿನ ವರ್ಷಗಳಲ್ಲಿ ಈ ಕ್ರಮ ಬದಲಾಗಿದೆ. ಸಕ್ಕರೆ ಕಾಯಿಲೆಯವರು, ತೂಕ ಇಳಿಸಬೇಕೆನ್ನುವವರು, ಬೆಳಗಿನ ವಾಕಿಂಗ್ ಮುಗಿಸಿ ಬರುವವರು ಹಸಿ ಮೊಳಕೆ ಕಾಳಿಗೆ ಉಳ್ಳಾಗಡ್ಡಿ, ಟೊಮೆಟೊ, ನಿಂಬೆರಸ ಬೆರೆಸಿ ತಿನ್ನುತ್ತಾರೆ. ತಳ್ಳುಗಾಡಿಗಳಲ್ಲಿ ಅದು ಕಪ್ಪಿನ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಬಸುರಿಯರಿಗೂ ಚಿಕ್ಕ ಮಕ್ಕಳಿಗೂ ಅದನ್ನೇ ತಿನ್ನಿರೆಂದು ಹೇಳುವವರಿದ್ದಾರೆ.

ಮೊಳಕೆ ಕಾಳು ಒಳ್ಳೆಯ ಆಹಾರವೆಂಬುದರಲ್ಲಿ ನನಗೆ ಯಾವ ಸಂದೇಹವೂ ಇಲ್ಲ. ನಾನು ಹೇಳಬೇಕೆಂದಿರುವುದು ಇಷ್ಟು: ಮಲಗಿದ ಬೀಜವನ್ನು ಎಬ್ಬಿಸಲು ನಾವು ಕೊಡುವ ನೀರು, ಬಿಸುಪು ಮತ್ತು ಬಿಡುವು ಅದರ ಮೇಲೆ ಕುಳಿತಿರಬಹುದಾದ ರೋಗಾಣುವನ್ನೂ ಎಬ್ಬಿಸುತ್ತವೆ; ಹಾಗೆ ಎದ್ದು ಬೆಳೆದ ರೋಗಾಣುವನ್ನು ತೊಳೆದು ತೆಗೆಯಲಾಗುವುದಿಲ್ಲ, ಬೇಯಿಸಿಯೇ ಕೊಲ್ಲಬೇಕು. ಇದು ಏಕೆ ಹೀಗೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಕಾರಣ ತಿಳಿಯದೆ ಪಾಲಿಸಿದ ನಿಯಮ ಹೆಚ್ಚು ದಿನ ಉಳಿಯುವುದಿಲ್ಲ.

ಚೆನ್ನಾಗಿ ಒಣಗಿದ ಹೆಸರುಕಾಳಿನಲ್ಲಿ ನೂರಕ್ಕೆ ಸುಮಾರು ಹತ್ತು ಭಾಗದಷ್ಟೇ ತೇವವಿರುತ್ತದೆ. ಅಂಥ ಒಣ ಮೈಮೇಲೆ ಬ್ಯಾಕ್ಟೀರಿಯಾ ಜೀವ ಹಿಡಿದುಕೊಂಡಿರಬಲ್ಲದೇ ಹೊರತು ಸಂಖ್ಯೆಯಲ್ಲಿ ಹೆಚ್ಚಲಾರದು. ಕಾಳು ನೀರಿಗೆ ಬಿದ್ದ ಮೊದಲ ಕೆಲವು ಗಂಟೆಗಳಲ್ಲಿ ಪರಿಸ್ಥಿತಿ ಪೂರ್ತಿ ಬದಲಾಗುತ್ತದೆ. ಬೀಜ ಹೆಚ್ಚುಕಡಿಮೆ ತನ್ನ ತೂಕದಷ್ಟೇ ನೀರನ್ನು ಹೀರಿಕೊಂಡು ಉಬ್ಬುತ್ತದೆ. ಒಣಗಿದ್ದಾಗ ಸಡಿಲಗೊಂಡಿದ್ದ ಅದರ ಜೀವಕೋಶಗಳ ಪೊರೆಗಳು ಮತ್ತೆ ಬಿಗಿಗೊಳ್ಳುವ ಮೊದಲೇ ಒಳಗಿನ ಸಕ್ಕರೆ, ಅಮೈನೋ ಆಮ್ಲ ಮತ್ತು ಲವಣಗಳು ಹೊರಕ್ಕೆ ಸೋರುತ್ತವೆ. ರಾತ್ರಿ ತಿಳಿಯಾಗಿದ್ದ ನೆನೆಹಾಕಿದ ನೀರು ಬೆಳಿಗ್ಗೆ ತುಸು ಹಳದಿಗೆ ತಿರುಗಿರುವುದನ್ನು, ಬೆರಳಿಗೆ ಜಿಗಿ ಹತ್ತುವುದನ್ನು, ಪಾತ್ರೆ ಅಲುಗಿಸಿದರೆ ಅಂಚಿನಲ್ಲಿ ನೊರೆ ನಿಲ್ಲುವುದನ್ನು ಇಲ್ಲಿರುವ ಎಲ್ಲ ತಾಯಂದಿರೂ ನೋಡಿದ್ದೀರಿ. ಆ ನೀರು ಕಾಳಿನಿಂದ ಹೊರಬಂದ ಆಹಾರ ಕರಗಿದ ನೀರು. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ನಾವು ಕಾಯಿಸಿ ಸಿದ್ಧಪಡಿಸುವ ದ್ರಾವಣದಲ್ಲಿಯೂ ಇರುವುದು ಇವೇ ಬಗೆಯ ಪದಾರ್ಥಗಳು.

ಇದಕ್ಕೆ ನಮ್ಮ ಸೀಮೆಯ ಬಿಸಿಲು ಸೇರುತ್ತದೆ. ಸಾಲ್ಮೊನೆಲ್ಲಾ ಮತ್ತು ಇ. ಕೋಲಿ ಎಂಬ ಬ್ಯಾಕ್ಟೀರಿಯಾಗಳಿಗೆ ಅತ್ಯಂತ ಹಿತವಾದದ್ದು ಮನುಷ್ಯನ ಮೈಬಿಸಿ, ಅಂದರೆ 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಹೊರಗಿನ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಅಡುಗೆಮನೆಯ ಮೂಲೆಯಲ್ಲಿ ಒದ್ದೆ ಬಟ್ಟೆಯೊಳಗೆ ಇರುವ ಗಂಟು ಅದಕ್ಕಿಂತ ಸ್ವಲ್ಪ ತಂಪಾಗಿರುವುದರಿಂದ ಈ ರೋಗಾಣುಗಳಿಗೆ ಬೇಕಾದ ಹದಕ್ಕೇ ಬಂದು ನಿಲ್ಲುತ್ತದೆ. ಮೊಳೆಯುತ್ತಿರುವ ಕಾಳು ತಾನೂ ಉಸಿರಾಡುತ್ತ ಶಾಖವನ್ನು ಹೊರಬಿಡುತ್ತದೆ. ದೊಡ್ಡ ಗಂಟಿನ ನಡುವೆ ಕೈಯಿಟ್ಟರೆ ಅಂಚಿಗಿಂತ ಬೆಚ್ಚಗಿರುವುದು ತಿಳಿಯುತ್ತದೆ. ಚಳಿಗಾಲದಲ್ಲಿ ಬೀದರ್ ಕಡೆ ಮೊಳಕೆ ತಡವಾಗಿ ಬರುವುದರಿಂದ ಗಂಟನ್ನು ಒಲೆಯ ಪಕ್ಕಕ್ಕೆ ಸರಿಸುವ ಮನೆಗಳುಂಟು. ಅದರಿಂದ ಕಾಳಿಗಾಗುವ ಅನುಕೂಲ ರೋಗಾಣುವಿಗೂ ಆಗುತ್ತದೆ.

ಈಗ ಸ್ವಲ್ಪ ಲೆಕ್ಕ ಹಾಕೋಣ. ಬ್ಯಾಕ್ಟೀರಿಯಾ ಒಂದು ಎರಡಾಗಿ, ಎರಡು ನಾಲ್ಕಾಗಿ ಸೀಳಿಕೊಂಡು ಹೆಚ್ಚುತ್ತದೆ. ಎಲ್ಲ ಅನುಕೂಲವೂ ಇದ್ದಲ್ಲಿ ಇ. ಕೋಲಿಗೆ ಒಂದು ಸಲ ಸೀಳಲು ಸುಮಾರು 20 ನಿಮಿಷ ಸಾಕು. ಕಾಳಿನ ಮೇಲೆ ಅಷ್ಟು ಅನುಕೂಲವಿಲ್ಲವೆಂದುಕೊಂಡು, ಒಂದು ಗಂಟೆಗೆ ಒಮ್ಮೆ ಎಂದೇ ಇಟ್ಟುಕೊಳ್ಳೋಣ. ಹತ್ತು ಗಂಟೆ ಕಳೆದಾಗ ಒಂದು ಬ್ಯಾಕ್ಟೀರಿಯಾ 1,024 ಆಗಿರುತ್ತದೆ. 24 ಗಂಟೆಗೆ ಅದೇ ಒಂದು 1,67,77,216, ಅಂದರೆ ಒಂದೂಮುಕ್ಕಾಲು ಕೋಟಿಯ ಹತ್ತಿರ. ಒಂದು ಚಮಚ ಹೆಪ್ಪು ರಾತ್ರಿ ಕಳೆಯುವುದರೊಳಗೆ ಪಾತ್ರೆ ತುಂಬ ಹಾಲನ್ನು ಮೊಸರು ಮಾಡುವುದನ್ನು ದಿನವೂ ಕಾಣುವ ನಮಗೆ ಈ ಲೆಕ್ಕ ಅಸಾಧ್ಯವೆನಿಸಬಾರದು. ನಿಜವಾದ ಮೊಳಕೆಯಲ್ಲಿ ಬೆಳವಣಿಗೆ ಇಷ್ಟು ಓರಣವಾಗಿರುವುದಿಲ್ಲ. ಆಹಾರಕ್ಕಾಗಿ ಇತರ ಬ್ಯಾಕ್ಟೀರಿಯಾಗಳ ಪೈಪೋಟಿಯಿರುತ್ತದೆ, ಒಂದು ಹಂತಕ್ಕೆ ಅದು ನಿಲ್ಲುತ್ತದೆ. ಆದರೂ ಗ್ರಾಮಿಗೆ ಒಂದಕ್ಕಿಂತ ಕಡಿಮೆ ರೋಗಾಣುವಿದ್ದ ಬೀಜದಿಂದ ಹೊರಟು, ಎರಡು ಮೂರು ದಿನಗಳಲ್ಲಿ ಗ್ರಾಮಿಗೆ ಹತ್ತು ಲಕ್ಷದ ಮಟ್ಟ ತಲುಪಬಹುದೆಂಬುದು ಪ್ರಯೋಗಗಳಲ್ಲಿ ಕಂಡಿದೆ. ಈ ಹೆಚ್ಚಳದ ಬಹುಭಾಗ ಮೊದಲ ಒಂದೆರಡು ದಿನಗಳಲ್ಲೇ, ಅಂದರೆ ಮೊಳಕೆ ಇನ್ನೂ ಕಾಳಿನುದ್ದವೂ ಬೆಳೆಯದಿರುವಾಗಲೇ ಆಗಿಹೋಗುತ್ತದೆ. ಆದ್ದರಿಂದ ಸಣ್ಣ ಮೊಳಕೆ ಸುರಕ್ಷಿತ, ಉದ್ದ ಮೊಳಕೆ ಅಪಾಯ ಎಂಬ ನಂಬಿಕೆಗೆ ಆಧಾರವಿಲ್ಲ.

ಒಂದು ಕಿಲೋ ಹೆಸರಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕಾಳುಗಳಿರುತ್ತವೆ. ಅಷ್ಟರಲ್ಲಿ ಬೆರಳೆಣಿಕೆಯ ಕಾಳುಗಳ ಮೇಲೆ ರೋಗಾಣುವಿದ್ದರೂ ನೆನೆಹಾಕಿದ ನೀರು ಅದನ್ನು ಎಲ್ಲ ಕಾಳುಗಳಿಗೂ ಹಂಚುತ್ತದೆ. ಒಂದು ಬಾರಿ ಹಂಚಿದ ಮೇಲೆ ಕೆಟ್ಟ ಕಾಳನ್ನು ಆರಿಸಿ ತೆಗೆಯುವ ಮಾತೇ ಉಳಿಯುವುದಿಲ್ಲ.

ಹಾಗಾದರೆ ಈ ರೋಗಾಣು ಕಾಳಿನ ಮೇಲೆ ಬಂದದ್ದಾದರೂ ಎಲ್ಲಿಂದ? ಇ. ಕೋಲಿಯ ಅಪಾಯಕಾರಿ ಬಗೆಗಳಲ್ಲಿ ಪ್ರಮುಖವಾದ ಓ157ರ ಸಹಜ ನೆಲೆ ದನಗಳ ಕರುಳು. ದನಕ್ಕೆ ಅದರಿಂದ ಯಾವ ತೊಂದರೆಯೂ ಆಗುವುದಿಲ್ಲವಾದ್ದರಿಂದ ದನವನ್ನು ನೋಡಿ ಹೇಳಲು ಬರುವುದಿಲ್ಲ. ಸಾಲ್ಮೊನೆಲ್ಲಾ ಕೋಳಿ, ಹಕ್ಕಿ, ಇಲಿ, ಹಲ್ಲಿ ಹೀಗೆ ಅನೇಕ ಪ್ರಾಣಿಗಳ ಕರುಳಿನಲ್ಲಿರುತ್ತದೆ. ಸರಿಯಾಗಿ ಕಳಿಯದ ತಿಪ್ಪೆಗೊಬ್ಬರ, ಚರಂಡಿ ಸೇರಿದ ಹಳ್ಳದ ನೀರು, ಹೊಲದಲ್ಲಿ ಅಡ್ಡಾಡುವ ಪ್ರಾಣಿಗಳು ಇವೆಲ್ಲ ಹೊಲದ ಹಂತದ ದಾರಿಗಳು. ಆಮೇಲೆ ರಾಶಿಯ ಹಂತ ಬರುತ್ತದೆ. ಕಣವನ್ನು ಸಗಣಿಯಿಂದ ಸಾರಿಸಿ, ಎತ್ತುಗಳಿಂದ ತುಳಿಸಿ ರಾಶಿ ಮಾಡುತ್ತಿದ್ದ ಕಾಲ ಬಹುಮಟ್ಟಿಗೆ ಹೋಗಿದ್ದರೂ, ಡಾಂಬರು ರಸ್ತೆಯ ಮೇಲೆ ಬೆಳೆ ಹರಡಿ, ವಾಹನಗಳು ಅದರ ಮೇಲೆ ಹಾದುಹೋಗಿ ಕಾಳು ಬಿಡಿಸುವುದನ್ನು ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಸುಗ್ಗಿಯಲ್ಲಿ ಇಂದಿಗೂ ನೋಡುತ್ತೇವೆ. ಗೋದಾಮಿನಲ್ಲಿ ಇಲಿಯ ಹಿಕ್ಕೆ, ಪಾರಿವಾಳದ ಹಿಕ್ಕೆ ಬೀಳುತ್ತದೆ. ರೈತರ ತಪ್ಪೆಂದು ನಾನು ಇದನ್ನು ಹೇಳುತ್ತಿಲ್ಲ. ಬೇಳೆಯಾಗಿ ಒಡೆದು ಕುಕ್ಕರಿನಲ್ಲಿ ಬೇಯುವ ಕಾಳಿಗೆ ಇಷ್ಟು ಸ್ವಚ್ಛತೆ ಸಾಕು, ಶತಮಾನಗಳಿಂದ ಸಾಕಾಗಿದೆ. ಬೇಯಿಸುವುದಕ್ಕೆಂದು ಬೆಳೆದ, ಒಕ್ಕಿದ, ಚೀಲ ತುಂಬಿದ ಕಾಳನ್ನೇ ಹಸಿಯಾಗಿ ತಿನ್ನಲು ಹೊರಟಾಗ ತೊಡಕು ಹುಟ್ಟುತ್ತದೆ.

ಒಣಗಿದರೆ ರೋಗಾಣು ಸಾಯುವುದಿಲ್ಲವೇ ಎಂದು ಸಭೆಯಲ್ಲಿ ಒಬ್ಬ ರೈತರು ಕೇಳಿದರು. ಬಿಸಿಲಿಗೆ ಒಣಗಿಸಿದಾಗ ಹಲವು ಸಾಯುತ್ತವೆ, ಎಲ್ಲವೂ ಸಾಯುವುದಿಲ್ಲ. ಬೀಜದ ಸಿಪ್ಪೆ ಬರಿಗಣ್ಣಿಗೆ ನುಣುಪಾಗಿ ಕಂಡರೂ ಸೂಕ್ಷ್ಮದರ್ಶಕದಡಿ ಅದರಲ್ಲಿ ಸುಕ್ಕು, ಬಿರುಕು, ತೊಟ್ಟಿನ ಗಾಯದ ಗುಳಿ ಎಲ್ಲವೂ ಕಾಣುತ್ತವೆ. ಯಂತ್ರದಲ್ಲಿ ಒಕ್ಕುವಾಗ ಪೆಟ್ಟು ತಿಂದ ಕಾಳಿನಲ್ಲಿ ಇವು ಇನ್ನೂ ಹೆಚ್ಚು. ಅಲ್ಲಿ ಸೇರಿಕೊಂಡ ಸಾಲ್ಮೊನೆಲ್ಲಾ ಮತ್ತು ಇ. ಕೋಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ದಾಟಿಯೂ ಬದುಕಿರಬಲ್ಲವು. ಇದಕ್ಕೆ ಮುಂದೆ ಹೇಳಲಿರುವ ಜರ್ಮನಿಯ ಪ್ರಕರಣವೇ ಸಾಕ್ಷಿ.

ಮೊಳಕೆಯ ಕಾಯಿಲೆಗಳ ದಾಖಲೆ ಹಳೆಯದು. 1973ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಮನೆಯಲ್ಲೇ ಮೊಳಕೆ ಬರಿಸಲೆಂದು ಮಾರುತ್ತಿದ್ದ ಬೀಜಗಳ ಕಿಟ್ ಬಳಸಿದವರು ವಾಂತಿಭೇದಿಗೆ ಒಳಗಾದರು. ಅದಕ್ಕೆ ಕಾರಣ ಬ್ಯಾಸಿಲಸ್ ಸೀರಿಯಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ. 1996ರ ಜುಲೈನಲ್ಲಿ ಜಪಾನಿನ ಸಕಾಯಿ ನಗರದಲ್ಲಿ ಶಾಲೆಯ ಮಧ್ಯಾಹ್ನದ ಊಟ ಮಾಡಿದ ಆರು ಸಾವಿರಕ್ಕೂ ಹೆಚ್ಚು ಮಕ್ಕಳು ಓ157ರಿಂದ ಕಾಯಿಲೆ ಬಿದ್ದರು, ಮಕ್ಕಳು ಸತ್ತರು. ತನಿಖೆಯು ಬಿಳಿ ಮೂಲಂಗಿಯ ಹಸಿ ಮೊಳಕೆಯತ್ತ ಬೆರಳು ಮಾಡಿತು. ಬಿಸಿಯೂಟ ನಡೆಸುವ, ಒಂದೇ ಪಾತ್ರೆಯಿಂದ ನೂರಾರು ಮಕ್ಕಳಿಗೆ ಬಡಿಸುವ ನಮ್ಮವರು ಈ ಘಟನೆಯನ್ನು ಚೆನ್ನಾಗಿ ತಿಳಿದಿರಬೇಕು. ಮನೆಯ ಪಾತ್ರೆಯಲ್ಲಿ ಆದ ಪ್ರಮಾದ ನಾಲ್ಕು ಜನಕ್ಕೆ ಮುಟ್ಟಿದರೆ, ಸಾಮೂಹಿಕ ಅಡುಗೆಯ ಪ್ರಮಾದ ಇಡೀ ಊರಿಗೆ ಮುಟ್ಟುತ್ತದೆ.

ಜರ್ಮನಿಯ ಪ್ರಕರಣಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡುತ್ತೇನೆ, ಏಕೆಂದರೆ ಅದರ ಕೇಂದ್ರದಲ್ಲಿರುವುದು ನಮ್ಮ ಪ್ರತಿಯೊಂದು ಅಡುಗೆಮನೆಯ ಡಬ್ಬಿಯಲ್ಲೂ ಇರುವ ಮೆಂತ್ಯಕಾಳು. 2011ರ ಮೇ ತಿಂಗಳಲ್ಲಿ ಉತ್ತರ ಜರ್ಮನಿಯ ಆಸ್ಪತ್ರೆಗಳಿಗೆ ರಕ್ತಭೇದಿಯ ರೋಗಿಗಳು ಬರತೊಡಗಿದರು. ಅವರಲ್ಲಿ ಹೆಚ್ಚಿನವರು ಆರೋಗ್ಯವಂತ ವಯಸ್ಕರು, ಅದರಲ್ಲೂ ಹೆಂಗಸರು. ಭೇದಿ ಶುರುವಾದ ಕೆಲವೇ ದಿನಗಳಲ್ಲಿ ಹಲವರ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವು. ಕಾರಣ ಇ. ಕೋಲಿ ಓ104 ಎಂಬ ಬಗೆ. ಅದು ಹೊರಬಿಡುವ ಶಿಗಾ ವಿಷ ಸಣ್ಣ ರಕ್ತನಾಳಗಳ ಒಳಪದರವನ್ನು ಹಾಳುಮಾಡುತ್ತದೆ, ಆ ನಾಳಗಳಲ್ಲಿ ಹಾದುಹೋಗುವ ಕೆಂಪು ರಕ್ತಕಣಗಳು ಒಡೆಯುತ್ತವೆ, ಮೂತ್ರಪಿಂಡಕ್ಕೆ ರಕ್ತ ತಲುಪುವುದಿಲ್ಲ. ಕೊನೆಗೆ ಜರ್ಮನಿಯಲ್ಲಿ ಲೆಕ್ಕಕ್ಕೆ ಸಿಕ್ಕ ರೋಗಿಗಳು 3,816. ಅವರಲ್ಲಿ 845 ಜನರಿಗೆ ಈ ಮೂತ್ರಪಿಂಡದ ತೊಂದರೆಯಾಯಿತು. 54 ಜನ ಸತ್ತರು.

ಮೂಲ ಹುಡುಕಿದ ಬಗೆಯೂ ಅರಿಯತಕ್ಕದ್ದು. ಮೊದಲು ಸ್ಪೇನಿನ ಸೌತೆಕಾಯಿಯ ಮೇಲೆ ಆರೋಪ ಬಂತು. ಅದು ಸುಳ್ಳಾಗಿದ್ದರೂ ಅಷ್ಟರಲ್ಲಿ ಅಲ್ಲಿನ ಬೆಳೆಗಾರರು ದೊಡ್ಡ ನಷ್ಟ ಅನುಭವಿಸಿದ್ದರು. ಏನು ತಿಂದಿರಿ ಎಂದು ರೋಗಿಗಳನ್ನು ಕೇಳಿದಾಗ ಮೊಳಕೆ ತಿಂದದ್ದು ನೆನಪಾದದ್ದು ಸುಮಾರು ನಾಲ್ಕರಲ್ಲಿ ಒಬ್ಬರಿಗಷ್ಟೇ. ಸಲಾಡಿನ ಮೇಲೆ ಉದುರಿಸಿದ ಒಂದು ಚಿಟಿಕೆ ಮೊಳಕೆಯನ್ನು ಯಾರು ಊಟವೆಂದು ನೆನಪಿಟ್ಟುಕೊಳ್ಳುತ್ತಾರೆ? ಆಗ ತನಿಖೆಯವರು ಜನರ ನೆನಪನ್ನು ಬಿಟ್ಟು ಹೋಟೆಲಿನ ಅಡುಗೆಯವರನ್ನು ಕೇಳಿದರು. ಒಂದೇ ಹೋಟೆಲಿಗೆ ಗುಂಪಾಗಿ ಬಂದಿದ್ದವರು ಯಾವ ಖಾದ್ಯ ತರಿಸಿಕೊಂಡರು, ಆ ಖಾದ್ಯಕ್ಕೆ ಏನೇನು ಬಿದ್ದಿತ್ತು ಎಂದು ಪಟ್ಟಿ ಮಾಡಿದಾಗ, ಮೊಳಕೆ ಬಡಿಸಲಾಗಿದ್ದವರು ಕಾಯಿಲೆ ಬೀಳುವ ಸಂಭವ ಉಳಿದವರಿಗಿಂತ ಹದಿನಾಲ್ಕು ಪಟ್ಟು ಹೆಚ್ಚಿತ್ತು. ಆ ದಾರಿ ಲೋವರ್ ಸ್ಯಾಕ್ಸನಿಯ ಒಂದು ಮೊಳಕೆ ಉತ್ಪಾದನಾ ಘಟಕಕ್ಕೆ ಕರೆದೊಯ್ದಿತು. ಅದೇ ಜೂನ್‌ನಲ್ಲಿ ಫ್ರಾನ್ಸಿನ ಬೋರ್ಡೊ ನಗರದ ಬಳಿ, ಅಂಗಡಿಯಲ್ಲಿ ಕೊಂಡ ಬೀಜದಿಂದ ಅಲ್ಲಿಯೇ ಬರಿಸಿದ ಮೊಳಕೆ ತಿಂದವರಿಗೂ ಇದೇ ಬ್ಯಾಕ್ಟೀರಿಯಾದಿಂದ ಕಾಯಿಲೆ ಬಂತು. ಎರಡೂ ಕಡೆ ಸಮಾನವಾಗಿದ್ದದ್ದು 2009ರ ಕೊನೆಯಲ್ಲಿ ಈಜಿಪ್ಟಿನಿಂದ ಹಡಗೇರಿದ ಮೆಂತ್ಯದ ಒಂದು ಲಾಟು. ಅಂದರೆ ಆ ರೋಗಾಣು ಒಣ ಮೆಂತ್ಯದ ಮೇಲೆ ಒಂದೂವರೆ ವರ್ಷ ಕಾದು, ನೀರು ಸಿಕ್ಕಿದೊಡನೆ ಎದ್ದಿತು. ಬೀಜದ ಮಾದರಿಗಳನ್ನು ಪರೀಕ್ಷಿಸಿದಾಗ ಅದರಲ್ಲಿ ಬ್ಯಾಕ್ಟೀರಿಯಾ ಸಿಗಲಿಲ್ಲವೆಂಬುದು ನನ್ನ ಮಟ್ಟಿಗೆ ಇಡೀ ಪ್ರಕರಣದ ಅತಿ ಮುಖ್ಯ ಸಂಗತಿ. ಟನ್‌ಗಟ್ಟಲೆ ಬೀಜದಲ್ಲಿ ಅಲ್ಲೊಂದು ಇಲ್ಲೊಂದು ಕಾಳಿನ ಮೇಲಿರುವುದು ಒಂದು ಹಿಡಿ ಮಾದರಿಯಲ್ಲಿ ಸಿಗದೇ ಹೋಗುವುದು ಸಹಜ. ಲ್ಯಾಬಿನಲ್ಲಿ ಪರೀಕ್ಷೆಯಾದ ಬೀಜ ಎಂಬ ಚೀಟಿಯನ್ನು ಎಷ್ಟು ನಂಬಬೇಕೆಂಬುದಕ್ಕೆ ಇದು ಮಿತಿ ಹಾಕುತ್ತದೆ.

ಇದೇ ಕಾರಣಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1999ರಲ್ಲಿ ಮೊಳಕೆ ಉತ್ಪಾದಕರಿಗೆ ಕೊಟ್ಟ ಮಾರ್ಗದರ್ಶನದಲ್ಲಿ, ಮೊಳಕೆಯ ಮೇಲೆ ಹರಿದು ಹೊರಬಂದ ನೀರನ್ನು ಪರೀಕ್ಷಿಸಬೇಕೆಂದು ಹೇಳಿತು. ಆ ನೀರು ಎಲ್ಲ ಕಾಳನ್ನೂ ಮುಟ್ಟಿ ಬಂದಿರುತ್ತದೆ, ಎರಡು ದಿನದ ಬೆಳವಣಿಗೆಯ ನಂತರ ಅದರಲ್ಲಿ ರೋಗಾಣು ಸಿಗುವ ಸಾಧ್ಯತೆ ಬೀಜದಲ್ಲಿ ಸಿಗುವುದಕ್ಕಿಂತ ಬಹಳ ಹೆಚ್ಚು. ಬೀಜವನ್ನು ಮೊಳಕೆಗೆ ಹಾಕುವ ಮೊದಲು ಲೀಟರಿಗೆ 20,000 ಮಿಲಿಗ್ರಾಂ ಕ್ಲೋರಿನ್ ಇರುವ ದ್ರಾವಣದಲ್ಲಿ ಉಪಚರಿಸುವ ಉದಾಹರಣೆಯನ್ನೂ ಅದರಲ್ಲಿ ಕೊಡಲಾಯಿತು. ನಮ್ಮ ನಲ್ಲಿಯ ಕುಡಿಯುವ ನೀರಿನಲ್ಲಿ ಉಳಿದಿರಬೇಕಾದ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ, ಇದು ಅದರ ಒಂದು ಲಕ್ಷ ಪಟ್ಟು. ಇಷ್ಟು ಪ್ರಬಲವಾದ ದ್ರಾವಣವೂ ರೋಗಾಣುವಿನ ಸಂಖ್ಯೆಯನ್ನು ತಗ್ಗಿಸುತ್ತದೆಯೇ ವಿನಾ ಪೂರ್ತಿ ಇಲ್ಲವಾಗಿಸುವ ಭರವಸೆ ಕೊಡುವುದಿಲ್ಲ. ಬಿರುಕಿನೊಳಗೆ ಅದು ತಲುಪುವುದಿಲ್ಲ, ಬೀಜದ ಧೂಳು ಮತ್ತು ಸಾವಯವ ಪದಾರ್ಥವೇ ಕ್ಲೋರಿನ್ನನ್ನು ನುಂಗಿಬಿಡುತ್ತದೆ. ಇದನ್ನು ಯಾರೂ ಮನೆಯಲ್ಲಿ ಮಾಡಲು ಹೋಗಬಾರದು. ಜಪಾನಿನಲ್ಲಿ ಹೆಸರುಕಾಳನ್ನು 85 ಡಿಗ್ರಿ ನೀರಿನಲ್ಲಿ ಸುಮಾರು 40 ಸೆಕೆಂಡ್ ಅದ್ದಿ ತಕ್ಷಣ ತಣಿಸುವ ಕ್ರಮವನ್ನು ಪ್ರಯೋಗಿಸಿ ನೋಡಿದ್ದಾರೆ. ಒಳ್ಳೆಯ ಫಲವೂ ಸಿಕ್ಕಿದೆ, ಆದರೆ ಕೆಲವು ಸೆಕೆಂಡ್ ಹೆಚ್ಚಾದರೆ ಕಾಳು ಮೊಳೆಯದು, ಕಡಿಮೆಯಾದರೆ ರೋಗಾಣು ಸಾಯದು. ಅದು ಥರ್ಮಾಮೀಟರ್ ಇಟ್ಟು ನಡೆಸುವ ಕಾರ್ಖಾನೆಯ ಕೆಲಸ.

“ಮೇಡಂ, ಉಪ್ಪು ಅರಿಶಿಣ ಹಾಕಿದ ನೀರಿನಾಗ ನಾಕ್ ಸಲ ತೊಳದ್ರ ಸಾಕಾಗಂಗಿಲ್ಲೇನ್ರಿ?” ಎಂದು ಒಬ್ಬ ತಾಯಿ ಕೇಳಿದರು. ಬಹಳ ಜನರ ಮನಸ್ಸಿನಲ್ಲಿದ್ದ ಪ್ರಶ್ನೆಯದು. ಸಾಕಾಗುವುದಿಲ್ಲ. ಎರಡು ದಿನದ ಹೆಸರು ಮೊಳಕೆಯೊಂದನ್ನು ಬೆಳಕಿಗೆ ಹಿಡಿದು ನೋಡಿದರೆ ಬಿಳಿ ಬೇರಿನ ತುದಿಗಿಂತ ಸ್ವಲ್ಪ ಮೇಲೆ ನವಿರಾದ ತುಪ್ಪಳ ಕಾಣುತ್ತದೆ. ಎಷ್ಟೋ ಜನ ಅದನ್ನು ಬೂಷ್ಟು ಎಂದು ತಿಳಿಯುತ್ತಾರೆ, ಅದು ಬೇರುರೋಮ. ಸಾಲ್ಮೊನೆಲ್ಲಾ ಹೆಚ್ಚಾಗಿ ಅಂಟಿಕೊಳ್ಳುವುದು ಈ ರೋಮಗಳ ನಡುವೆ ಮತ್ತು ಸಿಪ್ಪೆ ಸೀಳಿದ ಅಂಚಿನಲ್ಲಿ. ಅಲ್ಲಿ ಅವು ಒಂಟಿಯಾಗಿ ಇರುವುದೂ ಇಲ್ಲ. ತಾವೇ ಸ್ರವಿಸಿದ ಅಂಟಿನಲ್ಲಿ ಒಂದಕ್ಕೊಂದು ಹೆಣೆದುಕೊಂಡು ಬಯೋಫಿಲ್ಮ್ ಎಂಬ ಪದರವಾಗಿ ಕುಳಿತಿರುತ್ತವೆ. ಕೆಲವು ಮೊಳಕೆಯ ಅಂಗಾಂಶದೊಳಕ್ಕೇ ಇಳಿದಿರುತ್ತವೆ. ತೊಳೆದ ನೀರು ಸಡಿಲವಾಗಿ ಕುಳಿತವನ್ನು ಒಯ್ಯುತ್ತದೆ, ಅಂಟಿದವನ್ನು ಬಿಟ್ಟುಹೋಗುತ್ತದೆ. ಚೆನ್ನಾಗಿ ತೊಳೆದರೂ ಸಾಮಾನ್ಯವಾಗಿ ಹತ್ತರಲ್ಲಿ ಒಂದು ಭಾಗ ಉಳಿಯುತ್ತದೆ. ಹತ್ತು ಲಕ್ಷ ಇದ್ದಲ್ಲಿ ಒಂದು ಲಕ್ಷ. ಓ157ರ ವಿಷಯದಲ್ಲಿ ನೂರಕ್ಕಿಂತ ಕಡಿಮೆ ಬ್ಯಾಕ್ಟೀರಿಯಾ ಹೊಟ್ಟೆಗೆ ಹೋದರೂ ಕಾಯಿಲೆ ಬರಬಹುದೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಉಪ್ಪು, ಅರಿಶಿಣ, ತಿನ್ನುವ ಮುಂಚೆ ಹಿಂಡಿದ ನಿಂಬೆರಸ ಇವು ರುಚಿಗೆ ಒಳ್ಳೆಯವು, ಆ ಕೆಲವು ನಿಮಿಷಗಳಲ್ಲಿ ಈ ಕೆಲಸಕ್ಕೆ ಬರುವುದಿಲ್ಲ.

ವಾಸನೆ ನೋಡಿ ತಿಳಿಯಬಹುದು ಎನ್ನುವವರಿಗೂ ಒಂದು ಮಾತು. ಯಾವ ರೋಗಾಣುವೂ ಇಲ್ಲದ ಒಳ್ಳೆಯ ಮೊಳಕೆಯಲ್ಲೂ ಗ್ರಾಮಿಗೆ ಕೋಟಿಗಟ್ಟಲೆ ನಿರುಪದ್ರವಿ ಬ್ಯಾಕ್ಟೀರಿಯಾಗಳಿರುತ್ತವೆ. ಹುಳಿ ವಾಸನೆ, ಲೋಳೆ ಬರುವುದು ಅವುಗಳಿಂದ. ಅಂಥ ಮೊಳಕೆಯನ್ನು ಚೆಲ್ಲುವುದೇ ಸರಿ. ಆದರೆ ರೋಗ ತರುವ ಬ್ಯಾಕ್ಟೀರಿಯಾ ವಾಸನೆಯನ್ನೂ ಬಣ್ಣವನ್ನೂ ಬದಲಿಸದೆ, ಗರಿಗರಿಯಾದ ತಾಜಾ ಮೊಳಕೆಯಲ್ಲಿಯೇ ಇರಬಲ್ಲದು. ಫ್ರಿಜ್ಜಿನಲ್ಲಿಟ್ಟರೆ ಬೆಳವಣಿಗೆ ತಗ್ಗುತ್ತದೆ, ಆಗಲೇ ಬೆಳೆದದ್ದು ಸಾಯುವುದಿಲ್ಲ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾವಂತೂ ಫ್ರಿಜ್ಜಿನ ತಂಪಿನಲ್ಲೂ ನಿಧಾನವಾಗಿ ಬೆಳೆಯುತ್ತದೆ, ಬಸುರಿಯರಲ್ಲಿ ಗರ್ಭಪಾತಕ್ಕೆ ಕಾರಣವಾಗಬಲ್ಲದು.

ಬೇಯಿಸುವುದೊಂದೇ ಖಚಿತವಾದ ಉಪಾಯ, ಮತ್ತು ಅದು ಕಷ್ಟದ್ದೇನೂ ಅಲ್ಲ. ಸಾಲ್ಮೊನೆಲ್ಲಾ, ಇ. ಕೋಲಿ, ಲಿಸ್ಟೀರಿಯಾ ಮೂರೂ ಕುದಿಯುವ ನೀರಿಗಿಂತ ಬಹಳ ಕಡಿಮೆ ಬಿಸಿಗೇ ಸಾಯುತ್ತವೆ. ಆ ಬಿಸಿ ಪ್ರತಿಯೊಂದು ಕಾಳಿನ ಒಳಗೂ ತಲುಪಬೇಕು ಅಷ್ಟೆ. ಇಡ್ಲಿ ಪಾತ್ರೆಯಲ್ಲಿ ತೆಳುವಾಗಿ ಹರಡಿ ಹತ್ತು ನಿಮಿಷ ಹಬೆಯಲ್ಲಿಟ್ಟರೆ ಸಾಕು. ಅಥವಾ ನಮ್ಮ ಉಸುಳಿಯ ಕ್ರಮದಲ್ಲಿ, ಒಗ್ಗರಣೆಗೆ ಹಾಕಿದ ಮೇಲೆ ಸ್ವಲ್ಪ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ, ಕಾಳು ಮೆತ್ತಗಾಗುವವರೆಗೆ ಬೇಯಿಸಬೇಕು. ಒಗ್ಗರಣೆ ಕೊಟ್ಟು ಒಮ್ಮೆ ಕೈಯಾಡಿಸಿ ಇಳಿಸಿದ ಮೊಳಕೆ ಹೊರಗೆ ಬಿಸಿಯಾಗಿರುತ್ತದೆ, ಒಳಗೆ ಹಸಿಯೇ ಇರುತ್ತದೆ. ಹೋಟೆಲಿನ ತಿನಿಸುಗಳ ಮೇಲೆ ಕೊನೆಯಲ್ಲಿ ಉದುರಿಸುವ ಮೊಳಕೆಯೂ ಹಾಗೆಯೇ. ಬೇಯಿಸಿದರೆ ಸತ್ವ ಹೋಗುತ್ತದೆಂಬ ಆತಂಕ ಎಲ್ಲ ಸಭೆಯಲ್ಲೂ ಕೇಳಿಬರುತ್ತದೆ. ಸಿ ಜೀವಸತ್ವದ ಒಂದು ಭಾಗ ಹೋಗುತ್ತದೆ ನಿಜ. ಪ್ರೋಟೀನು, ನಾರು, ಕಬ್ಬಿಣ ಎಲ್ಲಿಯೂ ಹೋಗುವುದಿಲ್ಲ. ಹಸಿ ಕಾಳಿನಲ್ಲಿ ಪ್ರೋಟೀನು ಜೀರ್ಣವಾಗದಂತೆ ತಡೆಯುವ ಪದಾರ್ಥಗಳು ಬೇಯಿಸಿದಾಗ ತಗ್ಗುವುದರಿಂದ ಹೊಟ್ಟೆಯುಬ್ಬರವೂ ಕಡಿಮೆಯಾಗುತ್ತದೆ. ಬೇಯಿಸಿ ಇಳಿಸಿದ ಮೇಲೆ ನಿಂಬೆರಸ ಹಿಂಡಿದರೆ ಕಳೆದ ಸಿ ಜೀವಸತ್ವದ ಸ್ವಲ್ಪಭಾಗ ಮರಳಿ ಬರುತ್ತದೆ, ಕಾಳಿನ ಕಬ್ಬಿಣ ಮೈಗೆ ಹತ್ತುವುದಕ್ಕೂ ಅದು ಸಹಾಯಕ.

ಬೇಯಿಸುವುದಕ್ಕೂ ಒಂದು ಎಚ್ಚರಿಕೆ ಜೋಡಿಸಬೇಕು. ಟೆಕ್ಸಾಸಿನಲ್ಲಿ ಕಂಡ ಬ್ಯಾಸಿಲಸ್ ಸೀರಿಯಸ್ ಕಷ್ಟಕಾಲಕ್ಕೆ ಸ್ಪೋರ್ ಎಂಬ ಗಟ್ಟಿ ಕವಚದೊಳಗೆ ಅಡಗುತ್ತದೆ, ಕುದಿಯುವ ನೀರಿನಲ್ಲೂ ಅದು ಉಳಿಯಬಲ್ಲದು. ಬೇಯಿಸಿದ ಉಸುಳಿಯನ್ನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬೇಸಿಗೆಯ ಕೋಣೆಯಲ್ಲಿ ಹಾಗೆಯೇ ಇಟ್ಟರೆ ಆ ಸ್ಪೋರ್‌ಗಳು ಒಡೆದು ಬೆಳೆದು ವಿಷ ತಯಾರಿಸುತ್ತವೆ. ವಾಂತಿ ತರುವ ಆ ವಿಷ ಮತ್ತೆ ಕಾಯಿಸಿದರೂ ನಾಶವಾಗುವುದಿಲ್ಲ. ಆದ್ದರಿಂದ ಅಂಗನವಾಡಿಯಲ್ಲಾಗಲಿ ಮನೆಯಲ್ಲಾಗಲಿ ಬೇಯಿಸಿದ ಮೊಳಕೆಯನ್ನು ಬಿಸಿಯಿದ್ದಾಗಲೇ ಬಡಿಸುವುದು, ಬೇಸಿಗೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊರಗಿಡದಿರುವುದು ಒಳ್ಳೆಯದು.

ಉಳಿದ ಕ್ರಮಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಕಾಳು ಕಟ್ಟುವ ಬಟ್ಟೆ ಬೇರೆಯೇ ಇರಲಿ, ಪ್ರತಿ ಸಲ ಕುದಿಸಿ ಬಿಸಿಲಿಗೆ ಒಣಗಿಸಿರಲಿ. ನೆನೆಹಾಕಿದ ನೀರನ್ನು ಚೆಲ್ಲಿ; ಅದರಲ್ಲಿ ಸತ್ವವಿದೆಯೆಂದು ಹಿಟ್ಟು ನಾದಲು ಬಳಸುವುದಾದರೆ ಆ ಹಿಟ್ಟು ಮುಟ್ಟಿದ ಕೈ, ಪಾತ್ರೆಗಳನ್ನು ಸೋಪಿನಿಂದ ತೊಳೆಯಿರಿ. ಹಸಿ ಮೊಳಕೆ ಮುಟ್ಟಿದ ಚಾಕು, ಹಲಗೆಯಲ್ಲೇ ಸೌತೆಕಾಯಿ ಹೆಚ್ಚಬೇಡಿ. ಕೋಸಂಬರಿ ಬಿಡಬೇಕೇ ಎಂದು ಕೇಳಿದವರಿಗೆ ನನ್ನ ಉತ್ತರ: ಹೆಸರುಬೇಳೆಯನ್ನು ಒಳ್ಳೆಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಕೂಡಲೇ ತಿನ್ನುವ ಕೋಸಂಬರಿಯಲ್ಲಿ ರೋಗಾಣುವಿಗೆ ಬೆಳೆಯಲು ಸಮಯವೇ ಸಿಗುವುದಿಲ್ಲವಾದ್ದರಿಂದ ಅದರ ಅಪಾಯ ಮೊಳಕೆಗಿಂತ ತೀರ ಕಡಿಮೆ. ಬಿತ್ತನೆಗೆಂದು ತಂದ, ಬಣ್ಣ ಹಚ್ಚಿದ ಬೀಜವನ್ನು ಮಾತ್ರ ಎಂದಿಗೂ ಮೊಳಕೆಗೆ ಹಾಕಬೇಡಿ. ಅದಕ್ಕೆ ಶಿಲೀಂಧ್ರನಾಶಕ, ಕೀಟನಾಶಕ ಲೇಪಿಸಿರುತ್ತಾರೆ, ತೊಳೆದರೂ ಬೇಯಿಸಿದರೂ ಆ ಔಷಧ ಹೋಗುವುದಿಲ್ಲ. ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ಮುಪ್ಪಿನವರು, ಕ್ಯಾನ್ಸರ್ ಚಿಕಿತ್ಸೆ ಅಥವಾ ಡಯಾಲಿಸಿಸ್‌ನಲ್ಲಿರುವವರು ಹಸಿ ಮೊಳಕೆಯನ್ನು ಪೂರ್ತಿ ಬಿಡಬೇಕು. ಅದನ್ನು ಆರೋಗ್ಯದ ಹೆಸರಿನಲ್ಲಿ ಮೊದಲು ಕೊಡುವುದು ಇವರಿಗೇ ಎಂಬುದು ನನ್ನನ್ನು ಹೆಚ್ಚು ಕಳವಳಕ್ಕೆ ಈಡುಮಾಡುತ್ತದೆ.

ಕೊನೆಯ ಪ್ರಶ್ನೆ ಒಬ್ಬ ಅಂಗನವಾಡಿ ಕಾರ್ಯಕರ್ತೆಯದು: “ಕೂಸಿಗೆ ಭೇದಿ ಹತ್ತಿದ್ರ ಇದರಿಂದಾನೇ ಅಂತ ಹ್ಯಾಂಗ್ ಗೊತ್ತಾಗತದ್ರಿ?” ನೋಡಿದ ಮಾತ್ರಕ್ಕೆ ಗೊತ್ತಾಗುವುದಿಲ್ಲ. ಸಾಲ್ಮೊನೆಲ್ಲಾ ಆದರೆ ತಿಂದ ಕೆಲವು ಗಂಟೆಗಳಿಂದ ಆರು ದಿನಗಳೊಳಗೆ ಜ್ವರ, ಹೊಟ್ಟೆನೋವು, ಭೇದಿ ಕಾಣಿಸುತ್ತವೆ; ಓ157 ಆದರೆ ಸಾಮಾನ್ಯವಾಗಿ ಮೂರು ನಾಲ್ಕು ದಿನ, ಜರ್ಮನಿಯಲ್ಲಿ ಕಂಡ ಓ104ಕ್ಕೆ ಎಂಟು ದಿನವೂ ಹಿಡಿಯಿತು. ಮೊದಲ ಕೆಲಸ ನೀರಿನಂಶ ತುಂಬುವುದು: ಓಆರ್‌ಎಸ್ ಪುಡಿ ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಭೇದಿಯಲ್ಲಿ ರಕ್ತ ಕಂಡರೆ ಮೆಡಿಕಲ್ ಅಂಗಡಿಯಿಂದ ಭೇದಿ ನಿಲ್ಲಿಸುವ ಗುಳಿಗೆಯನ್ನಾಗಲಿ ಆ್ಯಂಟಿಬಯೋಟಿಕ್ಕನ್ನಾಗಲಿ ತಂದು ಕೊಡಬೇಡಿ. ಶಿಗಾ ವಿಷ ಬಿಡುವ ಇ. ಕೋಲಿಯಲ್ಲಿ ಇವು ಮೂತ್ರಪಿಂಡಕ್ಕೆ ಆಗುವ ಹಾನಿಯನ್ನು ಹೆಚ್ಚಿಸುವ ಅಪಾಯವಿದೆ. ಭೇದಿ ತಗ್ಗಿದಂತೆ ಕಂಡ ಮೇಲೂ ಒಂದು ವಾರ ಮಗುವಿನ ಮೂತ್ರದ ಮೇಲೆ ಕಣ್ಣಿಡಿ. ಮೂತ್ರ ಕಡಿಮೆಯಾದರೆ, ಮುಖ ಬಿಳಚಿಕೊಂಡರೆ, ಕಣ್ಣಿನ ಕೆಳಗೆ ಬಾವು ಬಂದರೆ ಅಂದೇ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕು. ಹಿಂದಿನ ಹತ್ತು ದಿನಗಳಲ್ಲಿ ಹಸಿ ಮೊಳಕೆ ತಿಂದಿದ್ದರೆ, ಒಂದು ಚಮಚವೇ ಆಗಿದ್ದರೂ, ವೈದ್ಯರು ಕೇಳುವ ಮೊದಲೇ ಹೇಳಿಬಿಡಿ. ಮಲದ ಮಾದರಿಯಲ್ಲಿ ಯಾವ ರೋಗಾಣುವನ್ನು ಹುಡುಕಿಸಬೇಕೆಂದು ನಿರ್ಧರಿಸಲು ಅವರಿಗೆ ಅದು ನೆರವಾಗುತ್ತದೆ.